ಮುನ್ನಾರಿನ ಚಹಾ ರೈಲಿನ ಜಾಡು ಹಿಡಿದು

ಬೆಂಗಳೂರಿನಿಂದ ವಾರಾಂತ್ಯಕ್ಕೆ ಮುನ್ನಾರಿಗೆ ಕಾರು ಹತ್ತುವವರು ಟಾಪ್ ಸ್ಟೇಷನ್ ನೋಡದೆ ಮರಳುವುದು ಕಡಿಮೆ. ಪೇಟೆಯಿಂದ 32 ಕಿ.ಮೀ. ದೂರ, ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ಮಂಜು ಸರಿದರೆ ಕೆಳಗೆ ತಮಿಳುನಾಡಿನ ತೇನಿ ಬಯಲು ಕಾಣುತ್ತದೆ. ಜನ ಸೆಲ್ಫಿ ತೆಗೆಯುತ್ತಾರೆ, ಸುಟ್ಟ ಜೋಳ ತಿನ್ನುತ್ತಾರೆ, ಇಳಿಯುತ್ತಾರೆ. ಇಲ್ಲಿ ಯಾವ ಸ್ಟೇಷನ್ ಇತ್ತು ಎಂದು ಕೇಳುವವರು ಅಪರೂಪ. ಇದ್ದದ್ದು ರೈಲು ನಿಲ್ದಾಣವೇ. ಕುಂಡಳ ಕಣಿವೆ ರೈಲಿನ ಕೊನೆಯ ನಿಲ್ದಾಣ.

ಆ ರೈಲು ಹುಟ್ಟಿದ್ದು ಚಹಾಕ್ಕಾಗಿ. 1880ರಲ್ಲಿ ಎ.ಎಚ್. ಶಾರ್ಪ್ ಎಂಬಾತ ಈ ಬೆಟ್ಟಗಳಲ್ಲಿ ಮೊದಲು ಟೀ ಗಿಡ ನೆಟ್ಟ. 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಶುರುವಾಯಿತು. ತೋಟ ಹಬ್ಬಿತು, ಟೀ ಪುಡಿ ರಾಶಿ ಬಿತ್ತು. ಅದು ಹಡಗು ಹತ್ತಬೇಕಾದದ್ದು ತೂತ್ತುಕುಡಿಯಲ್ಲಿ, ಅಂದರೆ ಪೂರ್ವಕ್ಕೆ, ತಮಿಳು ಬಯಲಿನ ಆಚೆ. ಹಾಗಾಗಿ ಪೆಟ್ಟಿಗೆಗಳೆಲ್ಲ ಮೊದಲು ಬೆಟ್ಟದ ಪೂರ್ವದ ಅಂಚಿಗೆ ಬರಬೇಕಿತ್ತು. ಎತ್ತಿನ ಗಾಡಿಯಲ್ಲಿ ಎಷ್ಟು ಸಾಗಿಸಲಾದೀತು?

1902ರಲ್ಲಿ ಬಂದದ್ದು ಈಗಿನವರು ನಂಬಲಾರದಂಥ ಗಾಡಿ: ಒಂದೇ ಹಳಿಯ ರೈಲು. ಯೂಯಿಂಗ್ ಪದ್ಧತಿ ಎಂದು ಅದಕ್ಕೆ ಹೆಸರು. ರಸ್ತೆಯ ಪಕ್ಕದಲ್ಲಿ ಒಂದು ಹಳಿ. ಗಾಡಿಯ ಭಾರವೆಲ್ಲ ಹೆಚ್ಚುಕಡಿಮೆ ಅದರ ಮೇಲೆ ಉರುಳುವ ಸಣ್ಣ ಗಾಲಿಗಳ ಮೇಲೆ. ಗಾಡಿ ವಾಲದಂತೆ ಒಂದು ಬದಿಗೆ ದೊಡ್ಡ ಗಾಲಿ, ಅದು ಓಡುವುದು ಮಣ್ಣಿನ ರಸ್ತೆಯ ಮೇಲೆ. ಎಳೆಯುವುದಕ್ಕೆ ಎತ್ತುಗಳು. ಹಳಿಯ ಮೇಲೆ ಉಜ್ಜುವಿಕೆ ಕಡಿಮೆಯಾದ್ದರಿಂದ ಅದೇ ಎತ್ತು ಗಾಡಿರಸ್ತೆಯಲ್ಲಿ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಭಾರ ಎಳೆಯುತ್ತದೆ. ಹಾಕಬೇಕಾದ ಹಳಿಯೂ ಅರ್ಧ. ಇದೇ ಪದ್ಧತಿಯಲ್ಲಿ ಓಡುತ್ತಿದ್ದ ಪಟಿಯಾಲ ಸಂಸ್ಥಾನದ ಮೋನೊರೈಲಿನ ಎಂಜಿನ್ ಇವತ್ತಿಗೂ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಮುನ್ನಾರಿನ ಒಂಟಿ ಹಳಿ ಹೇಗಿದ್ದಿರಬಹುದು ಎಂದು ಕುತೂಹಲ ಇರುವವರು ಅದನ್ನು ನೋಡಬೇಕು.

1908ರಲ್ಲಿ ಒಂಟಿ ಹಳಿ ಹೋಗಿ ಜೋಡಿ ಹಳಿ ಬಂತು. ಹಳಿಗಳ ನಡುವೆ ಬರೀ ಎರಡು ಅಡಿ ಅಂತರ. ಮಲೆನಾಡಿನಲ್ಲಿ ನ್ಯಾರೋ ಗೇಜ್ ಯಾಕೆ ಎಂದರೆ ಉತ್ತರ ಸರಳ: ಹಳಿ ಕಿರಿದಾದಷ್ಟೂ ತಿರುವು ಬಿಗಿಯಾಗಬಹುದು. ಗುಡ್ಡ ಕಡಿಯುವುದು ಕಡಿಮೆ, ಕಣಿವೆಯ ಮಗ್ಗುಲನ್ನು ಅನುಸರಿಸಿ ಬಳಸಿಕೊಂಡು ಹೋದರೆ ಸುರಂಗ ಕೊರೆಯುವ ಗೋಜೂ ಇಲ್ಲ. ಎತ್ತುಗಳ ಜಾಗಕ್ಕೆ ಸಣ್ಣ ಉಗಿ ಎಂಜಿನ್ ಬಂತು. ಮುನ್ನಾರ್ ಬಿಟ್ಟರೆ ಮಾಟುಪೆಟ್ಟಿ, ಪಾಲಾರ್, ಆಮೇಲೆ ಟಾಪ್ ಸ್ಟೇಷನ್.

ಅಲ್ಲಿಗೆ ರೈಲು ಮುಗಿಯಿತು, ಚಹಾದ ಪ್ರಯಾಣ ಮುಗಿಯಲಿಲ್ಲ. ಟಾಪ್ ಸ್ಟೇಷನ್ನಿನಿಂದ ಪೆಟ್ಟಿಗೆಗಳು ರೋಪ್‌ವೇಯಲ್ಲಿ ತೂಗಾಡುತ್ತ ಬೆಟ್ಟದ ಬುಡದ ಕೊಟ್ಟಗುಡಿಗೆ ಇಳಿಯುತ್ತಿದ್ದವು. ಅದಕ್ಕೆ ಬಾಟಮ್ ಸ್ಟೇಷನ್ ಎಂದೇ ಹೆಸರು. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬೋಡಿನಾಯಕನೂರು, ಮುಂದೆ ಬಂದರು, ಇಂಗ್ಲೆಂಡ್. ಅದೇ ದಾರಿಯಲ್ಲಿ ಎದುರಿನಿಂದ ತೋಟದ ಕಾರ್ಮಿಕರಿಗೆ ಬಯಲುಸೀಮೆಯ ಅಕ್ಕಿ ಮೇಲೇರುತ್ತಿತ್ತು.

1924ರ ಜುಲೈ. ಮಲಯಾಳಂ ಶಕೆ 1099. ಕೇರಳದವರು ಈಗಲೂ ‘ತೊಂಬತ್ತೊಂಬತ್ತರ ಪ್ರವಾಹ’ ಎನ್ನುವುದು ಇದನ್ನೇ. ಮಳೆ ಬಿಡಲಿಲ್ಲ. ಮಾಟುಪೆಟ್ಟಿಯ ಬಳಿ ಗುಡ್ಡ ಜರಿದು ಎರಡು ಬೆಟ್ಟಗಳ ನಡುವೆ ಹೊಳೆಗೆ ಅಡ್ಡಲಾಗಿ ಮಣ್ಣಿನ ಕಟ್ಟೆಯೇ ನಿಂತುಬಿಟ್ಟಿತು. ಹಿಂದೆ ನೀರು ತುಂಬಿತು. ಕಟ್ಟೆ ಒಡೆದಾಗ ಆ ನೀರೆಲ್ಲ ಮುನ್ನಾರ್ ಪೇಟೆಯ ಮೇಲೆ ಬಂತು. ಹಳಿ, ಸೇತುವೆ, ನಿಲ್ದಾಣ ಯಾವುದೂ ಉಳಿಯುವ ಸ್ಥಿತಿಯಲ್ಲಿರಲಿಲ್ಲ. ರೈಲನ್ನು ಮತ್ತೆ ಕಟ್ಟಲಿಲ್ಲ.

ಪ್ರವಾಹವೇ ರೈಲನ್ನು ಕೊಂದಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಅದೇ ಮಳೆಯಲ್ಲಿ ಪೂಯಂಕುಟ್ಟಿ, ಮಾಂಕುಳಂ ಕಡೆಯಿಂದ ಬರುತ್ತಿದ್ದ ಹಳೆಯ ಆಲುವಾ ರಸ್ತೆಯೂ ಕೊಚ್ಚಿಹೋಯಿತು. ಆದರೆ ರಸ್ತೆಗೆ ಬದಲಿ ಬಂತು: 1931ರಲ್ಲಿ ಹೊಸ ಆಲುವಾ–ಮುನ್ನಾರ್ ರಸ್ತೆ, 1935ರಲ್ಲಿ ನೇರ್ಯಮಂಗಲಂ ಸೇತುವೆ. ಲಾರಿಯ ಕಾಲ ಬಂದಿತ್ತು. ಚಹಾ ಪೂರ್ವಕ್ಕೆ ಬೆನ್ನು ಹಾಕಿ ಪಶ್ಚಿಮಕ್ಕೆ, ಕೊಚ್ಚಿಯ ಕಡೆಗೆ ಹೊರಳಿತು. ಮಳೆ ಬಿಟ್ಟಿದ್ದರೂ ಆ ರೈಲಿಗೆ ಇನ್ನು ಹೆಚ್ಚು ಆಯಸ್ಸು ಇರಲಿಲ್ಲ.

ಈಗ ಉಳಿದಿರುವುದೇನು? ಹುಡುಕುವವರು ಪೇಟೆಯಿಂದಲೇ ಶುರುಮಾಡಬೇಕು. ಹಳೆಯ ಮುನ್ನಾರ್ ನಿಲ್ದಾಣದ ಕಟ್ಟಡ ಇದೆ. ಅದರಲ್ಲಿ ಚಹಾ ಕಂಪನಿಯ ಕಚೇರಿ. ಹೊರಗಿನಿಂದ ನೋಡಿದರೆ ಯಾವುದೋ ಎಸ್ಟೇಟ್ ಆಫೀಸು. ಇಲ್ಲಿ ಜನ ಟಿಕೆಟ್ ಹಿಡಿದು ನಿಂತಿದ್ದರು ಎಂದರೆ ಪಕ್ಕದಲ್ಲಿ ನಿಂತ ಆಟೊ ಚಾಲಕನೂ ಒಂದು ಗಳಿಗೆ ಯೋಚಿಸುತ್ತಾನೆ. ಊರವರು ಅಲ್ಯುಮಿನಿಯಂ ಬ್ರಿಜ್ ಎನ್ನುವ ಸೇತುವೆಯನ್ನು ರೈಲಿನದೇ ಎಂದು ತೋರಿಸುತ್ತಾರೆ. ನಲ್ಲತಣ್ಣಿ ಎಸ್ಟೇಟಿನ ಚಹಾ ಮ್ಯೂಸಿಯಂನಲ್ಲಿ ಎಂಜಿನ್ನಿನ ಒಂದು ಗಾಲಿ ಇದೆ. ಬಂದವರು ಅದನ್ನು ದಾಟಿ ಟೀ ರುಚಿ ನೋಡುವ ಕೋಣೆಗೆ ಧಾವಿಸುತ್ತಾರೆ. ಸ್ವಲ್ಪ ನಿಲ್ಲಿ. ಅದರ ಅಳತೆ ನೋಡಿದರೆ ಇಡೀ ಎಂಜಿನ್ ಎಷ್ಟು ಚಿಕ್ಕದಿದ್ದಿರಬೇಕು ಎಂಬುದು ತಟ್ಟನೆ ಹೊಳೆಯುತ್ತದೆ. ಪುಸ್ತಕದಲ್ಲಿ ‘ಎರಡು ಅಡಿ’ ಎಂದು ಓದಿದಾಗ ಅದು ಅಷ್ಟಾಗಿ ತಲೆಗೆ ಹತ್ತುವುದಿಲ್ಲ.

ಮುಂದಿನ ಹುಡುಕಾಟ ಕಷ್ಟ. ಕುಂಡಳ ಮತ್ತು ಮಾಟುಪೆಟ್ಟಿ ಅಣೆಕಟ್ಟುಗಳು ರೈಲು ಹೋದ ಮೇಲೆ ಎದ್ದವು. ಕಣಿವೆಯ ತಳದಲ್ಲಿ ಈಗ ನೀರು, ನೀರಿನ ಮೇಲೆ ದೋಣಿವಿಹಾರ. ಮೇಲೆ ಟಾಪ್ ಸ್ಟೇಷನ್ನಿನಲ್ಲಿ ರೋಪ್‌ವೇಯ ಅವಶೇಷಗಳಿವೆ. ಜೋಳದ ಅಂಗಡಿಗಳ ಕಡೆ ತಿರುಗಿದ ಕಣ್ಣಿಗೆ ಅವು ಬೀಳುವುದಿಲ್ಲ.

ರೈಲನ್ನು ಮತ್ತೆ ಓಡಿಸಬೇಕು ಎಂಬ ಮಾತು ಮುನ್ನಾರಿನಲ್ಲಿ ಆಗಾಗ ಏಳುತ್ತದೆ. ಊಟಿಯ ರೈಲಿನಂತೆ ಇದೂ ಜನ ಸೆಳೆದೀತು ಎಂಬ ಆಸೆ ತಪ್ಪಲ್ಲ. ಆದರೆ 2020ರ ಆಗಸ್ಟ್‌ನಲ್ಲಿ ಇದೇ ಸೀಮೆಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರ ಲೈನ್ ಮನೆಗಳು ರಾತ್ರೋರಾತ್ರಿ ಮಣ್ಣಿನಡಿ ಹೋದವು, 70 ಮಂದಿ ಸತ್ತರು. ಅಂಥ ಮಣ್ಣನ್ನು ಪ್ರವಾಸಿಗರ ಖುಷಿಗಾಗಿ ಮತ್ತೆ ಕಡಿಯಬೇಕೆ? ಬೇಡ ಎಂದೇ ನನ್ನ ಮತ. ಅದರ ಬದಲು ಹಳೆಯ ನಿಲ್ದಾಣದ ಮುಂದೆ, ಮಾಟುಪೆಟ್ಟಿಯಲ್ಲಿ, ಪಾಲಾರಿನಲ್ಲಿ, ಟಾಪ್ ಸ್ಟೇಷನ್ನಿನ ರೋಪ್‌ವೇ ಬಳಿ ಒಂದೊಂದು ಫಲಕ ನೆಡಲಿ. ಮಲಯಾಳಂ, ಇಂಗ್ಲಿಷ್ ಜೊತೆಗೆ ತಮಿಳೂ ಇರಲಿ. ಆ ಹಳಿಯ ಊರಿನಲ್ಲಿ ತಲೆಮಾರುಗಳಿಂದ ದುಡಿದವರ ಭಾಷೆ ಅದು. ಖರ್ಚು ಹೆಚ್ಚೇನೂ ಆಗದು.

ಹೋಗುವವರಿಗೆ ಒಂದು ಮಾತು: ಟಾಪ್ ಸ್ಟೇಷನ್ನಿಗೆ ಬೆಳಿಗ್ಗೆ ಬೇಗ ಹೊರಡಿ, ಹೊತ್ತೇರಿದಂತೆ ಮಂಜು ಕವಿಯುತ್ತದೆ. ಮ್ಯೂಸಿಯಂಗೆ ಸೋಮವಾರ ರಜೆ.