ಬಿಡದ ತಲೆಸುತ್ತು, ಓಡಾಡುವ ಕಣ್ಣುಗುಡ್ಡೆ: ತೊಂದರೆ ಕಿವಿಯದೋ, ಮೆದುಳಿನದೋ? ವೈದ್ಯರು ಪತ್ತೆ ಹಚ್ಚುವುದು ಹೀಗೆ

ಬಲಗಣ್ಣು ಅದುರಿತು, ಎಡಗಣ್ಣು ಅದುರಿತು ಎಂದು ಶಕುನ ನೋಡುವವರಿದ್ದಾರೆ. ಅದು ಬರೀ ರೆಪ್ಪೆಯ ಅದುರಾಟ, ನಿದ್ದೆಗೆಟ್ಟರೂ ಬರುತ್ತದೆ. ಆದರೆ ಕಣ್ಣುಗುಡ್ಡೆಯೇ ಹಿಡಿತ ಮೀರಿ ಅತ್ತಿತ್ತ ಓಡಾಡತೊಡಗಿದರೆ ವಿಷಯ ಬೇರೆ. ವೈದ್ಯರು ಇದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಗಡಿಯಾರದ ಲೋಲಕದಂತೆ ಕಣ್ಣು ಎರಡೂ ಕಡೆ ಸಮನಾಗಿ ತೂಗುವುದು ಒಂದು. ಒಂದು ಕಡೆಗೆ ನಿಧಾನವಾಗಿ ಜಾರಿ, ಮತ್ತೊಂದು ಕಡೆಗೆ ಥಟ್ಟನೆ ಎಗರುವುದು ಇನ್ನೊಂದು. ಎಗರುವ ದಿಕ್ಕಿನಿಂದಲೇ ಇದನ್ನು ಹೆಸರಿಸುತ್ತಾರೆ. ವಿಚಿತ್ರವೆಂದರೆ ನಿಜವಾದ ದೋಷ ಇರುವುದು ಜಾರುವುದರಲ್ಲಿ. ಎಗರುವುದು ಅದನ್ನು ಸರಿಪಡಿಸಲು ಮೆದುಳು ಮಾಡುವ ಯತ್ನ.

ಹುಟ್ಟಿದ ಕೆಲವೇ ತಿಂಗಳಲ್ಲಿ ಇದು ಕಾಣಿಸಿಕೊಂಡ ಮಕ್ಕಳಿಗೆ ಸಾಮಾನ್ಯವಾಗಿ ಲೋಕ ಅಲುಗಾಡಿದಂತೆ ಕಾಣುವುದಿಲ್ಲ. ಕಣ್ಣು ಹೆಚ್ಚು ಸ್ಥಿರವಾಗಿ ನಿಲ್ಲುವ ಕೋನ ಹುಡುಕಿಕೊಂಡು ತಲೆ ಓರೆ ಮಾಡಿ ನೋಡುತ್ತಾರೆ. 'ನೆಟ್ಟಗೆ ಕೂತು ಟಿವಿ ನೋಡು' ಎಂದು ಗದರುವ ಮುನ್ನ ಕಣ್ಣಿನ ವೈದ್ಯರಿಗೆ ತೋರಿಸಿ.

ದೊಡ್ಡವರಲ್ಲಿ ದಿಢೀರ್ ಶುರುವಾದರೆ ಲೆಕ್ಕಾಚಾರವೇ ಬೇರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಸೆಕೆಂಡು ತಲೆ ತಿರುಗಿದರೆ ಅದು ಹೆಚ್ಚಾಗಿ ಒಳಕಿವಿಯ ಹರಳು ಜರುಗಿದ್ದರಿಂದ. ಗಂಟೆಗಟ್ಟಲೆ ಬಿಡದ ತಲೆಸುತ್ತು, ವಾಂತಿ, ಜೊತೆಗೆ ಕಣ್ಣಿನ ಓಡಾಟ ಇದ್ದರೆ? ಒಳಕಿವಿಯ ನರದ ಉರಿಯೂತವಿರಬಹುದು, ಮೆದುಳಿನ ಹಿಂಭಾಗದ ಪಾರ್ಶ್ವವಾಯುವೂ ಇರಬಹುದು. ಹೊರನೋಟಕ್ಕೆ ಎರಡೂ ಒಂದೇ.

ತಲೆಸುತ್ತು ಇರುವಾಗಲೇ ಮಾಡುವ 'ಹಿಂಟ್ಸ್' ಎಂಬ ಮೂರು ಪರೀಕ್ಷೆಗಳು ಇಲ್ಲಿ ನೆರವಿಗೆ ಬರುತ್ತವೆ. ತಮ್ಮ ಮೂಗನ್ನೇ ನೋಡಲು ಹೇಳಿ ವೈದ್ಯರು ರೋಗಿಯ ತಲೆಯನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸುತ್ತಾರೆ. ಒಳಕಿವಿಯ ನರ ಕೆಟ್ಟಿದ್ದರೆ ನೋಟ ಮೂಗಿನಿಂದ ಜಾರಿ ಮತ್ತೆ ಹಿಂದಿರುಗುತ್ತದೆ. ನೋಟ ಕದಲದಿದ್ದರೆ ನಾರ್ಮಲ್ ಎಂದು ನಿಟ್ಟುಸಿರು ಬಿಡುವಂತಿಲ್ಲ. ಈ ಸ್ಥಿತಿಯಲ್ಲಿ ಅದೇ ಅಪಾಯದ ಸುಳಿವು. ಎಡಕ್ಕೆ ನೋಡಿದಾಗ ಎಡಕ್ಕೂ ಬಲಕ್ಕೆ ನೋಡಿದಾಗ ಬಲಕ್ಕೂ ಕಣ್ಣು ಎಗರಿದರೆ, ಅಥವಾ ನೇರವಾಗಿ ಮೇಲೆ-ಕೆಳಗೆ ಬಡಿದರೆ ಶಂಕೆ ಮೆದುಳಿನ ಮೇಲೆ. ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದಾಗ ಅದು ಮೇಲಕ್ಕೋ ಕೆಳಕ್ಕೋ ಸರಿದರೂ ಹಾಗೆಯೇ.

2009ರಲ್ಲಿ 'ಸ್ಟ್ರೋಕ್' ನಿಯತಕಾಲಿಕೆಯಲ್ಲಿ ಪ್ರಕಟವಾದ 101 ರೋಗಿಗಳ ಅಧ್ಯಯನದಲ್ಲಿ, ಮೊದಲ ಎಂಆರ್‌ಐ ಕಣ್ಣಿಗೆ ಬೀಳದ ಪಾರ್ಶ್ವವಾಯುವನ್ನೂ ಈ ಪರೀಕ್ಷೆ ಹಿಡಿದಿತ್ತು. ಆದರೆ ಪಳಗಿದ ಕೈ ಬೇಕು, ಮನೆಯಲ್ಲಿ ಯಾರೂ ಕತ್ತು ತಿರುಗಿಸಿ ನೋಡಬಾರದು.

ಬಂದು ಹೋಗುವ ತಲೆಸುತ್ತಾದರೆ, ಆ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಕಣ್ಣಿನ ವಿಡಿಯೊ ಮಾಡಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ. ಮಾತು ತೊದಲುತ್ತಿದ್ದರೆ, ಎರಡೆರಡು ಕಾಣುತ್ತಿದ್ದರೆ, ಎದ್ದು ನಿಲ್ಲಲೂ ಆಗದಿದ್ದರೆ ವಿಡಿಯೊ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.