ಒಂದು ಪ್ರಶ್ನೆ, ಆರು ಪುಸ್ತಕ, ಒಂದು ಡಿಗ್ರಿ

ಡಿಗ್ರಿಗೆ ಸೇರುವಾಗ ಎಲ್ಲರೂ ಕೇಳೋದು, 'ಯಾವ ಸಬ್ಜೆಕ್ಟ್?' ಅಂತ. ಶಿಕಾಗೋ ವಿಶ್ವವಿದ್ಯಾಲಯದ 'ಫಂಡಮೆಂಟಲ್ಸ್' ಅನ್ನೋ ಕೋರ್ಸಿನಲ್ಲಿ ಮೊದಲು ಕೇಳೋದು, 'ನಿಮ್ಮ ಪ್ರಶ್ನೆ ಏನು?' ಅಂತ.

ನ್ಯಾಯ ಅಂದರೇನು ಅನ್ನೋದು ನಿಮ್ಮನ್ನು ಕಾಡ್ತಿದೆ ಅಂದುಕೊಳ್ಳಿ. ಉತ್ತರ ಹುಡುಕೋಕೆ ಆರು ಕೃತಿಗಳನ್ನು ನೀವೇ, ಅಧ್ಯಾಪಕರ ಜೊತೆ ಕೂತು, ಆರಿಸ್ಕೋಬೇಕು. ತತ್ವಶಾಸ್ತ್ರ, ಸಾಹಿತ್ಯ, ಧರ್ಮ, ರಾಜಕೀಯ, ಯಾವುದಾದರೂ ಸರಿ. ಕೊನೇ ವರ್ಷದ ಪರೀಕ್ಷೆ ಆ ಆರರ ಮೇಲೇ.

ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ 'ಆಂಟಿಗೊನೆ' ನಾಟಕವನ್ನೇ ತಗೊಳ್ಳಿ. ದೇಶದ್ರೋಹಿ ಅಂತ ರಾಜ ಕ್ರೆಯಾನ್ ಆಂಟಿಗೊನೆಯ ಸೋದರನ ಶವಸಂಸ್ಕಾರವನ್ನೇ ನಿಷೇಧಿಸ್ತಾನೆ. ಅವಳು ಹೋಗಿ ಶವದ ಮೇಲೆ ಹಿಡಿ ಮಣ್ಣು ಹಾಕಿ ಸಿಕ್ಕಿಬೀಳ್ತಾಳೆ. ನಾಟಕ ಅಂತ ಓದಿದರೆ ಇಬ್ಬರ ಹಟ ಎದ್ದು ಕಾಣುತ್ತೆ. ಕಾನೂನಿನ ಕಡೆಯಿಂದ ನೋಡಿದರೆ, ರಾಜಾಜ್ಞೆಗೂ ಒಂದು ಮಿತಿ ಇದೆಯಾ ಅನ್ನೋ ಪ್ರಶ್ನೆ. ತತ್ವಜ್ಞಾನಿ ಹೆಗೆಲ್‌ನನ್ನು ಓದಿ ಬಂದರೆ, ಇಬ್ಬರ ಕಡೆಗೂ ನ್ಯಾಯ ಇದೆಯಲ್ಲ ಅನ್ನೋ ಇಕ್ಕಟ್ಟು. ಒಂದೇ ವಿಭಾಗದಲ್ಲಿ ಕೂತಿದ್ದರೆ ಇವುಗಳಲ್ಲಿ ಒಂದನ್ನಷ್ಟೇ ನೋಡ್ತಿದ್ದೆವೋ ಏನೋ. ಈ ಓದಿನ ಬೆಲೆ ನನಗೆ ಕಾಣೋದು ಇಲ್ಲೇ.

ಅಂದ ಹಾಗೆ, ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ದಶಕಗಳ ಕಾಲ ಪಾಠ ಮಾಡಿದ್ದೂ ಇದೇ ವಿಶ್ವವಿದ್ಯಾಲಯದಲ್ಲಿ. ಭಾಷಾವಿಜ್ಞಾನ, ಜಾನಪದ, ಕವಿತೆ, ಅನುವಾದ, ಇವು ಅವರ ಕೆಲಸದಲ್ಲಿ ಒಂದನ್ನೊಂದು ಬಿಟ್ಟಿದ್ದೇ ಇಲ್ಲ. ವಚನಗಳಿಗೆ ಅವರು ಮಾಡಿದ, 1973ರಲ್ಲಿ ಬಂದ ಇಂಗ್ಲಿಷ್ ಅನುವಾದ ನೋಡಿ, ಗೊತ್ತಾಗುತ್ತೆ.

'ಫಂಡಮೆಂಟಲ್ಸ್' ಸುಲಭದ ಓದಲ್ಲ. ಆರರಲ್ಲಿ ಒಂದು ಕೃತಿಯನ್ನಾದರೂ ಅದರ ಮೂಲ ಭಾಷೆಯಲ್ಲೇ ಓದುವಷ್ಟು ತಯಾರಿ ಬೇಕು. 'ಆಂಟಿಗೊನೆ'ಯನ್ನೇ ಮೂಲದಲ್ಲಿ ಓದ್ತೀನಿ ಅನ್ನೋರು ಮೊದಲ ವರ್ಷದಿಂದಲೇ ಪ್ರಾಚೀನ ಗ್ರೀಕ್ ತರಗತಿಗೆ ಸೇರಿಕೊಳ್ಳಿ.