ನಿಂತು ದುಡಿಯುವವರ ಸೊಂಟ, ಕಾಲು: ಮಾಲಕರು ಗಮನಿಸಬೇಕಾದ ಸಂಗತಿ

ಹೊಟೇಲು ಅಂದರೆ ನಿಂತು ಮಾಡುವ ಉದ್ಯೋಗ. ಗಲ್ಲಾದಲ್ಲಿ ಕೂರುವ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ, ದೋಸೆ ಭಟ್ಟರಿಂದ ಹಿಡಿದು ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ತನಕ, ಪಾಳಿ ಮುಗಿಯುವವರೆಗೆ ಕಾಲ ಮೇಲೆಯೇ ಇರುತ್ತಾರೆ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಲ್ಲೂ ಹೀಗೆಯೇ ಇತ್ತು. ಆಮೇಲೆ ಗ್ರೈಂಡರು ಬಂತು, ಬಿಲ್ಲಿನ ಯಂತ್ರ ಬಂತು, ಮೊಬೈಲಿನಲ್ಲೇ ಹಣ ಪಾವತಿಯೂ ಬಂತು. ನಿಲ್ಲುವುದು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಹಾಗೆಯೇ ದಿನವಿಡೀ ನಿಂತು ದುಡಿಯುವ ಇನ್ನೊಂದು ವರ್ಗವೆಂದರೆ ಆಸ್ಪತ್ರೆಯ ನರ್ಸ್‌ಗಳು. ಊರಿನ ಕಡೆ ಅಣ್ಣ ಹೊಟೇಲಿನಲ್ಲಿ, ತಂಗಿ ನರ್ಸಿಂಗಿನಲ್ಲಿ ಇರುವ ಮನೆಗಳು ಅಪರೂಪವೇನಲ್ಲ. ಆದರೆ ನರ್ಸಿಂಗ್ ಕಲಿಯುವವರಿಗೆ ರೋಗಿಯನ್ನು ಎತ್ತುವಾಗ ಸೊಂಟ ಹೇಗಿಟ್ಟುಕೊಳ್ಳಬೇಕು ಎಂಬುದನ್ನು ಪಾಠವಾಗಿಯೇ ಹೇಳಿಕೊಡುತ್ತಾರೆ. ಸಾಂಬಾರಿನ ಹಂಡೆ ಎತ್ತುವ ಹುಡುಗನಿಗೆ ನಾವು ಹೇಳುವುದು "ಬೇಗ ಎತ್ತು ಮಾರಾಯ" ಎಂದಷ್ಟೇ.

ಇದು ಬರೇ ದಯೆಯ ಮಾತಲ್ಲ, ವ್ಯವಹಾರದ ಮಾತೂ ಹೌದು. ಕೈ ಪಳಗಿದ ಭಟ್ಟರೊಬ್ಬರು "ಸೊಂಟ ಹಿಡಿದಿದೆ, ಊರಿಗೆ ಹೋಗಿ ಬರುತ್ತೇನೆ" ಎಂದು ಹೋದವರು ತಿರುಗಿ ಬಾರದಿದ್ದರೆ ಅವರ ಕೈರುಚಿಗೆ ಬರುತ್ತಿದ್ದ ಗಿರಾಕಿಯೂ ನಿಧಾನವಾಗಿ ಬೇರೆ ಕಡೆ ಹೋಗುತ್ತಾನೆ. ಉಡುಪಿ, ಕುಂದಾಪುರದ ಹುಡುಗರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ದಿನಗಳು ಮುಗಿದವು. ಈಗ ಬಿಹಾರ, ಝಾರ್ಖಂಡ್, ಒಡಿಶಾ, ನೇಪಾಳದಿಂದ ಬರುವವರನ್ನು ಕಲಿಸಿ ತಯಾರು ಮಾಡಬೇಕು. ಅವರೂ ಒಂದೆರಡು ವರ್ಷದಲ್ಲಿ ಕಾಲುನೋವೆಂದು ಬಿಟ್ಟುಹೋದರೆ ಕಲಿಸಿದ್ದೆಲ್ಲ ನೀರುಪಾಲು.

ನಡೆಯುವುದು ಬೇರೆ, ನಿಲ್ಲುವುದು ಬೇರೆ

ದಿನವಿಡೀ ಓಡಾಡುವ ಸಪ್ಲೈಯರಿಗಿಂತ ಒಂದೇ ಕಡೆ ನಿಲ್ಲುವ ದೋಸೆ ಭಟ್ಟರಿಗೆ ಕಾಲು ಹೆಚ್ಚು ಊದಿಕೊಳ್ಳುವುದನ್ನು ನೀವು ಕಂಡಿರಬಹುದು. ಕಾಲಿಗಿಳಿದ ರಕ್ತವನ್ನು ಮತ್ತೆ ಮೇಲಕ್ಕೆ ತಳ್ಳುವುದರಲ್ಲಿ ಮೀನಖಂಡದ ಸ್ನಾಯುಗಳ ಪಾಲು ದೊಡ್ಡದು. ನಡೆಯುವಾಗ ಅವು ಹಿಂಡಿ ಬಿಟ್ಟು ಪಂಪಿನಂತೆ ಕೆಲಸ ಮಾಡುತ್ತವೆ. ಸುಮ್ಮನೆ ನಿಂತಾಗ ಪಂಪು ನಿಲ್ಲುತ್ತದೆ, ರಕ್ತ ಕೆಳಗೇ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳದೊಳಗಿನ ಕವಾಟಗಳು ಸಡಿಲಗೊಂಡು ನೀಲಿ ಹುರಿಯಂತೆ ಉಬ್ಬುತ್ತವೆ, ಅದೇ ವೆರಿಕೋಸ್ ವೇನ್. ಡೆನ್ಮಾರ್ಕಿನಲ್ಲಿ ದುಡಿಯುವವರನ್ನು 12 ವರ್ಷ ಕಾಲ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ಹೊತ್ತಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಿಂತೇ ಇರುವವರು ಈ ತೊಂದರೆಯಿಂದ ಆಸ್ಪತ್ರೆ ಸೇರುವ ಸಂಭವ ಇತರರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು.

ಸಪ್ಲೈಯರಿಗೆ ಬರುವ ನೋವು ಬೇರೆ ಬಗೆಯದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ, ರಾತ್ರಿ ಮತ್ತೆ ಜೋರು. ಅಂಗಾಲಿನುದ್ದಕ್ಕೂ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಇರುವ ದಪ್ಪ ಪಟ್ಟಿಯೊಂದು ಎಳೆತಕ್ಕೆ ಸಿಕ್ಕಿ ಹೀಗಾಗುತ್ತದೆ. ಕೋಟಾ ಕಲ್ಲಿನ ನೆಲ, ಅದರ ಮೇಲೆ ಸವೆದ ರಬ್ಬರ್ ಚಪ್ಪಲಿ, ಇವೆರಡೂ ಸೇರಿದರೆ ಅದಕ್ಕೆ ಬೇರೆ ಕಾರಣ ಬೇಡ. ನೆಲ ಒದ್ದೆಯಿದ್ದರೆ ಜಾರಿ ಬೀಳದಿರಲು ಕಾಲು, ಸೊಂಟ ಎರಡೂ ಬಿಗಿ ಹಿಡಿದೇ ಇರಬೇಕಾಗುತ್ತದೆ. ಆ ದಣಿವು ಬೇರೆ.

ಪಾದರಕ್ಷೆ ಮಾಲಕನ ಖರ್ಚು

ಸಮವಸ್ತ್ರ ಕೊಡುವವರು ಚಪ್ಪಲಿಯನ್ನು ಅವರವರ ಪಾಡಿಗೆ ಬಿಡುವುದು ಯಾಕೆಂದು ನನಗೆ ಅರ್ಥವಾಗಿಲ್ಲ. ಬೇಕಾಗಿರುವುದು ದುಬಾರಿ ಶೂ ಅಲ್ಲ: ಬೆರಳು ಮುಚ್ಚುವ, ಹಿಮ್ಮಡಿ ಕೆಳಗೆ ಮೆತ್ತೆಯಿರುವ, ಎಣ್ಣೆ ನೆಲದಲ್ಲೂ ಜಾರದ ತಳದ್ದು. ಸಂಜೆಯ ಹೊತ್ತು ಅಳತೆ ನೋಡಿ ಕೊಳ್ಳಬೇಕು, ಪಾದ ಊದಿರುವ ಹೊತ್ತದು. ಮುಂಬಯಿಯ ಮಳೆಗಾಲದಲ್ಲಿ ಒಂದೇ ಜೊತೆಯಾದರೆ ಒಣಗುವುದೇ ಇಲ್ಲ, ಬೆರಳ ಸಂದು ಕೊಳೆಯುತ್ತದೆ. ಆದುದರಿಂದ ಎರಡು ಜೊತೆ ಇರಲಿ. ಬಿಸಿ ಎಣ್ಣೆ ಸಿಡಿದಾಗಲೂ ಮುಚ್ಚಿದ ಶೂ ಕಾಲನ್ನು ಕಾಯುತ್ತದೆ.

ತವಾದ ಮುಂದೆ, ಮೋರಿಯ ಮುಂದೆ ರಬ್ಬರ್ ಮ್ಯಾಟು ಹಾಸಿದರೆ ಒಳ್ಳೆಯದು. ನೀರಿಳಿಯುವ ತೂತುಗಳಿರುವ, ಎಣ್ಣೆಗೆ ಕೆಡದ ಜಾತಿಯದ್ದನ್ನೇ ಆರಿಸಿ. ಅಂಚು ಇಳಿಜಾರಾಗಿರಲಿ, ಇಲ್ಲವಾದರೆ ಎಡವಿ ಬೀಳುತ್ತಾರೆ. ರಾತ್ರಿ ಎತ್ತಿ ತೊಳೆದು ಒಣಗಿಸದಿದ್ದರೆ ಅಡಿಯಲ್ಲಿ ಜಿರಲೆ ಸಂಸಾರ ಹೂಡುವುದು ಖಂಡಿತ.

ಕಟ್ಟೆಯ ಎತ್ತರ

ಅಡುಗೆಮನೆ ಕಟ್ಟಿಸುವಾಗ ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಅಂದಾಜಿಗೆ ಬಿಡುತ್ತೇವೆ. ನಿಜವಾದ ಅಳತೆ ಕೆಲಸ ಮಾಡುವವನ ಮೊಣಕೈಯಿಂದ ಶುರುವಾಗಬೇಕು. ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ಮೊಣಕೈಗಿಂತ 2ರಿಂದ 4 ಅಂಗುಲ ಕೆಳಗೆ. ಹಿಟ್ಟು ನಾದುವಂಥ, ಭಾರ ಹಾಕಿ ಮಾಡುವ ಕೆಲಸಕ್ಕೆ 4ರಿಂದ 8 ಅಂಗುಲ ಕೆಳಗೆ. ಕಟ್ಟೆ ಒಡೆಯಬೇಕಾಗಿಲ್ಲ. ಗಿಡ್ಡನೆಯವನಿಗೆ ನಿಲ್ಲಲು ಅಗಲವಾದ ಗಟ್ಟಿ ಹಲಗೆ, ಉದ್ದನೆಯವನಿಗೆ ಹೆಚ್ಚುವ ಮಣೆಯ ಕೆಳಗೆ ಒಂದು ದಪ್ಪ ದಿಮ್ಮಿ ಸಾಕು.

ಮೋರಿಯ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಸಿಂಕಿನ ಅಂಚು ಸರಿಯಾದ ಎತ್ತರದಲ್ಲಿದ್ದರೆ ಸಾಕೆಂದುಕೊಳ್ಳುತ್ತೇವೆ. ಪಾತ್ರೆ ಉಜ್ಜುವುದು ಅಂಚಿನ ಮೇಲಲ್ಲ, ತಳದಲ್ಲಿ. ಆಳದ ಸಿಂಕಿನಲ್ಲಿ ತಳ ಒಂದಡಿಗೂ ಕೆಳಗಿರುತ್ತದೆ, ಹುಡುಗ ಗಂಟೆಗಟ್ಟಲೆ ಬಗ್ಗಿಯೇ ಇರಬೇಕು. ಬಗ್ಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕಿನ ಮೇಲೆ ನೆಟ್ಟಗೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ. ತಳದಲ್ಲಿ ಎತ್ತರದ ಸ್ಟೀಲ್ ಜಾಲಿ ಕೂರಿಸಿ ಅದರ ಮೇಲೆ ಉಜ್ಜಿದರೆ ಆ ಬಗ್ಗುವಿಕೆ ಎಷ್ಟೋ ತಪ್ಪುತ್ತದೆ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಬಾರ್ ನಡೆಸುವ ಮಿತ್ರರು ಕೌಂಟರಿನ ಬುಡದಲ್ಲಿ ಕಾಲಿಡಲು ಸರಳು ಹಾಕಿಸುತ್ತಾರಲ್ಲ, ಅದು ಗಿರಾಕಿ ಆರಾಮವಾಗಿ ನಿಲ್ಲಲಿ ಎಂದು. ತವಾದ ಮುಂದೆ ನಿಲ್ಲುವವನಿಗೂ ನಾಲ್ಕೈದು ಅಂಗುಲ ಎತ್ತರದ ಇಟ್ಟಿಗೆಯೋ ಪೆಟ್ಟಿಗೆಯೋ ಇಟ್ಟು ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಇಡುತ್ತಿರು ಎಂದರೆ ಸೊಂಟಕ್ಕೆ ಬಿಡುವು ಸಿಗುತ್ತದೆ. ಗಿರಾಕಿಗೆ ಮಾಡುವ ಉಪಚಾರ ಭಟ್ಟರಿಗೂ ಸಲ್ಲಲಿ.

ಎತ್ತುವ ಭಾರ

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಅನುಕೂಲವಿದ್ದರೂ, ಅಂದರೆ ಭಾರ ಮೈಗೆ ಹತ್ತಿರವಿದ್ದು, ಸೊಂಟ ತಿರುಚದೆ, ಹಿಡಿ ಗಟ್ಟಿಯಿದ್ದರೂ, ಒಬ್ಬ ಎತ್ತಬಹುದಾದ್ದು 23 ಕಿಲೋ. ನಮ್ಮಲ್ಲಿ ಸಕ್ಕರೆ ಮೂಟೆ 50 ಕಿಲೋ. ಹೊಟೇಲಿನ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ, ಕಬ್ಬಿಣ ಸೇರಿದರೆ 35ರ ಆಸುಪಾಸು. 40 ಲೀಟರು ಸಾಂಬಾರೆಂದರೆ ಪಾತ್ರೆ ಬಿಟ್ಟೇ 40 ಕಿಲೋ, ಅದೂ ಕುದಿಯುವಂಥದ್ದು. ಅದನ್ನು ಒದ್ದೆ ನೆಲದಲ್ಲಿ ಎರಡು ಮೆಟ್ಟಿಲು ಇಳಿಸಿ ತರಬೇಕು.

ಮುಂಬಯಿಯ ಜಾಗದ ಅಭಾವದಿಂದ ಅಕ್ಕಿ, ಬೇಳೆ ಮೂಟೆಗಳನ್ನು ಅಟ್ಟಕ್ಕೇರಿಸುವ ಪದ್ಧತಿ ಬಂದಿದೆ. ಅದನ್ನು ತಿರುಗುಮುರುಗು ಮಾಡಬೇಕು. ಪಾರ್ಸೆಲಿನ ಡಬ್ಬಿ, ಕಾಗದದ ಕರವಸ್ತ್ರದಂಥ ಹಗುರದವು ಅಟ್ಟದಲ್ಲಿರಲಿ, ಭಾರದವು ಸೊಂಟದ ಎತ್ತರದ ಸ್ಟ್ಯಾಂಡಿನಲ್ಲಿರಲಿ. ದಿನಸಿಯವನಲ್ಲಿ 25 ಕಿಲೋದ ಚೀಲ ಕೇಳಿ. ದೊಡ್ಡ ಹಂಡೆ ಒಂದರ ಬದಲು ಸಣ್ಣವು ಎರಡು, ದೊಡ್ಡದೇ ಬೇಕಾದರೆ ಇಬ್ಬರು ಹಿಡಿಯುವುದು ಕಡ್ಡಾಯ. ಹಿಟ್ಟು ತೆಗೆಯಲು ವಾಲಿಸುವ ಗ್ರೈಂಡರು ಈಗ ಸಿಗುತ್ತದೆ. ಪೈಪ್ ಗ್ಯಾಸ್ ಬಂದ ಕಡೆ ಸಿಲಿಂಡರಿನ ಕಷ್ಟ ತಪ್ಪಿದೆ, ಉಳಿದವರು ಚಕ್ರದ ಗಾಡಿ ಇಟ್ಟುಕೊಳ್ಳಲಿ.

ಕೂರಲು ಬಿಡುವುದು

ಸಪ್ಲೈಯರ್ ಕೂತರೆ ಗಿರಾಕಿ ಏನೆಂದುಕೊಳ್ಳುತ್ತಾನೋ ಎಂಬ ಅಂಜಿಕೆ ನಮ್ಮಲ್ಲಿ ಹಳೆಯದು. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಹೋರಾಡಿದ ಫಲವಾಗಿ 2018ರಲ್ಲಿ ಅಲ್ಲಿನ ಅಂಗಡಿ ಕಾಯಿದೆಗೆ ತಿದ್ದುಪಡಿಯಾಗಿ ಕೂರಲು ಆಸನ ಕೊಡುವುದು ಕಡ್ಡಾಯವಾಯಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಕಾರ್ಖಾನೆಗಳಿಗೆ ಸಂಬಂಧಿಸಿ 1948ರ ಕಾಯಿದೆಯಲ್ಲೇ ಈ ಮಾತಿತ್ತು. ಕಾನೂನು ಬಾಗಿಲು ತಟ್ಟುವ ತನಕ ನಾವು ಕಾಯಬೇಕೆಂದಿಲ್ಲ. ಗಿರಾಕಿಯ ಕಣ್ಣಿಗೆ ಬೀಳಬಾರದೆಂದಿದ್ದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ಒಂದು ಬೆಂಚು ಹಾಕಿ. ಗಂಟೆಗೊಮ್ಮೆ ಐದು ನಿಮಿಷ ಸರದಿಯಂತೆ ಕೂರಲಿ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಬೆನ್ನು ನೆಲಕ್ಕೆ ಹಚ್ಚಿ, ಕಾಲನ್ನು ಗೋಡೆಗೆ ಎತ್ತಿ ಹತ್ತು ಹದಿನೈದು ನಿಮಿಷ ಮಲಗಿದರೆ ಕಾಲಿನ ಊತ ಇಳಿಯುತ್ತದೆ. ನಾಲಾಸೋಪಾರಾ, ಡೊಂಬಿವಲಿಯಿಂದ ಬರುವವರು ಲೋಕಲ್ ಗಾಡಿಯಲ್ಲೂ ನಿಂತೇ ಬಂದು ನಿಂತೇ ಹೋಗುತ್ತಾರೆ ಎಂಬುದು ನೆನಪಿರಲಿ.

ನೋವು ಬಂದ ಮೇಲೆ

ಹಿಮ್ಮಡಿ ನೋವಿಗೆ ಫ್ರೀಜರಿನಲ್ಲಿಟ್ಟ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಅಂಗಾಲಿನಡಿ ಹತ್ತು ನಿಮಿಷ ಉರುಳಿಸುವುದು ಒಳ್ಳೆಯ ಮದ್ದು, ಹೊಟೇಲಿನಲ್ಲಿ ಅದಕ್ಕೇನೂ ಬರವಿಲ್ಲ. ಗೋಡೆಗೆ ಕೈಯಾನಿಸಿ, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡವನ್ನು ಎಳೆಯುವ ವ್ಯಾಯಾಮ ದಿನಕ್ಕೆರಡು ಮೂರು ಸಲ ಮಾಡಲಿ. ಸಾಮಾನ್ಯ ಸೊಂಟನೋವಿಗೆ ವಾರಗಟ್ಟಲೆ ಮಲಗುವುದು ಒಳ್ಳೆಯದಲ್ಲವೆಂದು ವೈದ್ಯರು ಈಗ ಹೇಳುತ್ತಾರೆ. ಭಾರ ಎತ್ತದೆ, ಮೆಲ್ಲನೆ ಓಡಾಡಿಕೊಂಡಿದ್ದರೆ ಬೇಗ ಗುಣ.

ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ ತಂದು ದಿನಾ ನುಂಗುವ ಚಾಳಿಯನ್ನು ಮಾತ್ರ ತಡೆಯಲೇಬೇಕು. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ, ರಕ್ತದೊತ್ತಡವೂ ಏರುತ್ತದೆ. ಸೊಂಟದ ನೋವು ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರಿಗೆ ತೋರಿಸಬೇಕು. ಪಾದ ಎತ್ತಲಾಗದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ. ಒಂದೇ ಮೀನಖಂಡ ಊದಿ ಕೆಂಪಾಗಿ ಬಿಸಿಯಾಗಿದ್ದರೂ ತಡಮಾಡಬಾರದು, ಅದು ಹೆಪ್ಪುಗಟ್ಟಿದ ರಕ್ತವಾಗಿರಬಹುದು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸಣ್ಣ ಗಾಯವಾದರೂ ಹಾಗೆಯೇ.

ಪರೇಲಿನ ಕೆಇಎಂ, ಸಯನ್, ನಾಯರ್, ಕೂಪರ್ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗದ ಹೊರರೋಗಿ ತಪಾಸಣೆ ಬೆಳಿಗ್ಗೆ ನಡೆಯುವುದು ಹೆಚ್ಚು. ನಮ್ಮ ತಿಂಡಿಯ ಗಡಿಬಿಡಿಯೂ ಆಗಲೇ. ಹುಡುಗ ಹೋಗದೆ ಉಳಿಯುವುದು ಇದರಿಂದಲೇ, ಕೂಲಿ ಕಡಿಯದೆ ಅರ್ಧ ದಿನ ಬಿಡಿ. ನಿಮ್ಮ ಹೊಟೇಲು ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, 2017ರಲ್ಲಿ ನಿಗದಿಯಾದ ತಿಂಗಳಿಗೆ 21,000 ರೂಪಾಯಿ ಸಂಬಳದ ಮಿತಿಯೊಳಗಿನವರಿಗೆ ಚಿಕಿತ್ಸೆಯ ಜೊತೆಗೆ ಕಾಯಿಲೆಯ ರಜೆಗೆ ಸಂಬಳದ ಶೇ. 70ರಷ್ಟು ಭತ್ಯೆ, ವರ್ಷಕ್ಕೆ 91 ದಿನದವರೆಗೆ, ಸಿಗುವ ಸೌಲಭ್ಯವಿದೆ. ವಂತಿಗೆ ಕಟ್ಟಿಯೂ ಕಾರ್ಡು ಮಾಡಿಸಿಕೊಡದೆ ಈ ಹಣವನ್ನು ಬಿಡುವ ಮಾಲಕರು ನಮ್ಮಲ್ಲಿದ್ದಾರೆ. ಹುಡುಗರು ಊರಿಗೆ ಹೊರಡುವ ಮುನ್ನ ಆ ಕಾರ್ಡು ಅವರ ಕೈಯಲ್ಲಿದೆಯೇ ನೋಡಿ.

ಇನ್ನು ಗಲ್ಲಾದಲ್ಲಿ ಹನ್ನೆರಡು ಗಂಟೆ ಕೂರುವವರ ಸೊಂಟನೋವಿನ ಕಾರಣ ಬೇರೆ. ಕುರ್ಚಿ ಎತ್ತರವಾಗಿ ಕಾಲು ಜೋತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ, ಹಿಂಬದಿ ಜೇಬಿನ ದಪ್ಪ ಪಾಕೀಟು ತೆಗೆದು ಡ್ರಾವರಿಗೆ ಹಾಕಿ, ಗಂಟೆಗೊಮ್ಮೆ ಎದ್ದು ಅಡುಗೆಮನೆಯ ತನಕ ಒಂದು ಸುತ್ತು ಹೋಗಿ ಬನ್ನಿ.